ಒಂದೇ ಗಿಡದ ಹುಳು, ಎರಡು ಬಗೆಯ ಚಿಟ್ಟೆ

ಪ್ರಶ್ನೆ: ಹಿತ್ತಿಲಿನ ಕರಿಬೇವಿನ ಗಿಡದಲ್ಲಿದ್ದ ಎರಡು ಹಸಿರು ಹುಳುಗಳನ್ನು ಡಬ್ಬಿಯಲ್ಲಿಟ್ಟು ಸಾಕಿದೆವು. ಒಂದರಿಂದ ಹಿಂದಿನ ರೆಕ್ಕೆಯಲ್ಲಿ ಬಿಳಿ ಚುಕ್ಕೆಗಳ ಸಾಲಿರುವ ಕಪ್ಪು ಚಿಟ್ಟೆ ಬಂತು. ಇನ್ನೊಂದರ ಮುಂದಿನ ರೆಕ್ಕೆಯಲ್ಲಿ ಬಿಳಿ ಪಟ್ಟೆ, ಹಿಂದಿನದರಲ್ಲಿ ಎರಡು ಸಾಲು ಕೆಂಪು ಚುಕ್ಕೆಗಳಿದ್ದವು. ಹುಳುಗಳು ಒಂದೇ ತರಹ ಇದ್ದವಲ್ಲ, ಇದು ಹೇಗೆ?
– ಓದುಗರೊಬ್ಬರು, ಸಾಗರ

ಉತ್ತರ: ಎರಡೂ ಒಂದೇ ಜಾತಿಯವು. ಇದರ ಹೆಸರು ಕಾಮನ್ ಮಾರ್ಮನ್. ವೈಜ್ಞಾನಿಕವಾಗಿ ಪ್ಯಾಪಿಲಿಯೊ ಪಾಲಿಟೀಸ್. ಕರಿಬೇವು, ನಿಂಬೆಯ ಎಳೆ ಚಿಗುರಿನ ಮೇಲೆ ತಾಯಿ ಚಿಟ್ಟೆ ಒಂದೊಂದೇ ಮೊಟ್ಟೆ ಇಟ್ಟು ಹೋಗುತ್ತದೆ. ಮರಿಹುಳು ಮೊದಮೊದಲು ಹಕ್ಕಿಯ ಹಿಕ್ಕೆಯಂತೆ ಕಾಣುವುದರಿಂದ ಯಾರೂ ಅದರತ್ತ ತಿರುಗಿ ನೋಡುವುದಿಲ್ಲ. ಕೊನೆಯ ಬಾರಿ ಪೊರೆ ಕಳಚಿದ ಮೇಲಷ್ಟೇ ಅದು ಎಲೆಯ ಹಸಿರಿಗೆ ತಿರುಗುತ್ತದೆ. ಆಗ ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ, ತಲೆಯ ಹಿಂದಿನಿಂದ ಕೆಂಪನೆಯ ಕವಲುಕೊಂಬೊಂದು ಛಕ್ಕನೆ ಹೊರಬಂದು ಘಾಟು ವಾಸನೆ ಹರಡುತ್ತದೆ.

ಗಂಡು ಚಿಟ್ಟೆಗಳೆಲ್ಲ ನಿಮ್ಮ ಮೊದಲನೆಯದರಂತೆಯೇ ಇರುತ್ತವೆ. ಹೆಣ್ಣಿನಲ್ಲಿ ಮಾತ್ರ ನಮ್ಮಲ್ಲಿ ಮೂರು ರೂಪಗಳಿವೆ: ಒಂದು ಗಂಡನ್ನೇ ಹೋಲುತ್ತದೆ, ಇನ್ನೊಂದು ಕಾಮನ್ ರೋಸ್ ಚಿಟ್ಟೆಯನ್ನು, ಮತ್ತೊಂದು ಕ್ರಿಮ್ಸನ್ ರೋಸ್ ಚಿಟ್ಟೆಯನ್ನು. ನಿಮ್ಮ ಎರಡನೆಯ ಚಿಟ್ಟೆ ಈ ಮೂರನೆಯ ವೇಷದ ಹೆಣ್ಣು. ರೋಸ್ ಚಿಟ್ಟೆಗಳ ಹುಳುಗಳು ಈಶ್ವರಿ ಬಳ್ಳಿಯ ಎಲೆ ತಿಂದು ಅದರ ವಿಷವನ್ನು ಮೈಯಲ್ಲಿ ಉಳಿಸಿಕೊಳ್ಳುವುದರಿಂದ, ಒಮ್ಮೆ ಅವುಗಳ ರುಚಿ ನೋಡಿದ ಹಕ್ಕಿ ಮತ್ತೆ ಆ ಬಣ್ಣದ ತಂಟೆಗೆ ಹೋಗುವುದಿಲ್ಲ. ಕರಿಬೇವು ತಿಂದು ಬೆಳೆದ ನಮ್ಮ ಮಾರ್ಮನ್ನಿನಲ್ಲಿ ಆ ವಿಷವಿಲ್ಲ. ಅದು ಬಣ್ಣವನ್ನಷ್ಟೇ ಎರವಲು ಪಡೆದಿದೆ, ಸಾಲದ್ದಕ್ಕೆ ರೋಸ್‌ನ ನಿಧಾನದ ಹಾರಾಟವನ್ನೂ ಅನುಕರಿಸುತ್ತದೆ. ಹೀಗಿದ್ದರೆ ಎಲ್ಲ ಹೆಣ್ಣುಗಳೂ ಏಕೆ ವೇಷ ಹಾಕುವುದಿಲ್ಲ ಎಂದು ನೀವು ಕೇಳಬಹುದು. ಅಸಲಿಗಿಂತ ನಕಲಿಯೇ ಹೆಚ್ಚಾದರೆ ಹಕ್ಕಿಗಳಿಗೆ ರುಚಿಯಾದ ತುತ್ತೇ ಪದೇಪದೇ ಸಿಕ್ಕಿ, ಆ ಬಣ್ಣದ ಭಯವೇ ಹೊರಟುಹೋಗುತ್ತದೆ.

ಈ ವೇಷಗಳ ಹಿಂದಿರುವುದು ‘ಡಬಲ್‌ಸೆಕ್ಸ್’ ಎಂಬ ಒಂದೇ ಜೀನ್ ಎಂದು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ವಿಜ್ಞಾನಿ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು 2014ರಲ್ಲಿ ತೋರಿಸಿಕೊಟ್ಟರು. ಕೀಟಗಳಲ್ಲಿ ಗಂಡು–ಹೆಣ್ಣಿನ ವ್ಯತ್ಯಾಸವನ್ನು ರೂಪಿಸುವ ಜೀನೇ ಇಲ್ಲಿ ರೆಕ್ಕೆಯ ಚಿತ್ತಾರವನ್ನೂ ಬದಲಿಸುತ್ತದೆಂಬುದು ನನಗಂತೂ ಇಂದಿಗೂ ಬೆರಗಿನ ಸಂಗತಿ.

ಅಸಲಿ ಯಾವುದು, ನಕಲಿ ಯಾವುದು ಎಂದು ತಿಳಿಯಲು ರೆಕ್ಕೆಯನ್ನು ಬಿಟ್ಟು ಒಡಲನ್ನು ನೋಡಿ. ರೋಸ್ ಚಿಟ್ಟೆಗಳ ಒಡಲಿನಲ್ಲಿ ಎದ್ದು ಕಾಣುವ ಕೆಂಪಿರುತ್ತದೆ. ನಿಮ್ಮ ಡಬ್ಬಿಯಿಂದ ಹಾರಿಹೋದದ್ದರ ಒಡಲು ಕಪ್ಪಾಗಿಯೇ ಇದ್ದಿರಬೇಕು.