ಪ್ರೀಆಂಪ್‌ಗೆ +12, -12 ವೋಲ್ಟ್ ಬೇಕು: 12-0-12 ಟ್ರಾನ್ಸ್‌ಫಾರ್ಮರ್ ಸಾಕಾ?

ಎನ್‌ಇ5532 ಅನ್ನುವ ಆಂಪ್ಲಿಫೈಯರ್ ಐಸಿ ನಾಲ್ಕು ಇರುವ ಪ್ರೀಆಂಪ್ (ಮುಖ್ಯ ಆಂಪ್ಲಿಫೈಯರ್‌ಗೂ ಮೊದಲು ಸಿಗ್ನಲ್ ಹಿಗ್ಗಿಸುವ ಭಾಗ), ಅದಕ್ಕೆ +12 ಮತ್ತು -12 ವೋಲ್ಟ್. 12-0-12 (ನಡುವಿನ ತಂತಿಯ ಎರಡೂ ಕಡೆ 12 ವೋಲ್ಟ್ ಎಸಿ ಕೊಡುವ ಟ್ರಾನ್ಸ್‌ಫಾರ್ಮರ್) ತರಲಾ, ಇಲ್ಲ ಮನೆಯಲ್ಲಿರುವ ಎರಡು ಅಡಾಪ್ಟರ್ ಜೋಡಿಸಲಾ ಅಂತ ಕೇಳಿದ್ದೀರಿ. ನಾನಾಗಿದ್ದರೆ 15-0-15 ತರುತ್ತೇನೆ, 500 ಮಿಲಿಆಂಪ್‌ನದು. ಆ ಐಸಿ ಒಂದಕ್ಕೆ ಸುಮಾರು 8 ಮಿಲಿಆಂಪ್ ಸಾಕು, 1 ಆಂಪ್‌ನದಕ್ಕೆ ಸುಮ್ನೆ ದುಡ್ಡು ಹಾಕಬೇಡಿ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡ್‌ನಲ್ಲಿ ಕೇಳಿದರೂ 12-0-12 ಅನ್ನೇ ಕೈಗೆ ಕೊಟ್ಟಾರು. ಲೆಕ್ಕ ಹಾಕಿ ನೋಡಿ. 12 ವೋಲ್ಟ್ ಎಸಿಯ ಪೀಕ್ 17. ಡಯೋಡ್‌ನಲ್ಲಿ ಮುಕ್ಕಾಲು ವೋಲ್ಟ್ ಹೋಗುತ್ತದೆ, ರಿಪಲ್‌ಗೆ, ಅಂದರೆ ಡಿಸಿಯಲ್ಲಿ ಉಳಿಯುವ ಏರಿಳಿತಕ್ಕೆ, ಇನ್ನರ್ಧ. ಉಳಿದದ್ದು 15.7. ವೋಲ್ಟೇಜನ್ನು +12ರಲ್ಲೇ ನಿಲ್ಲಿಸುವ ರೆಗ್ಯುಲೇಟರ್ 7812ರ ಇನ್‌ಪುಟ್‌ಗೆ 14ರ ಮೇಲೆ ಬೇಕು, ಇದೆಯಲ್ಲ, ಅಲ್ವಾ? ಆದರೆ ಬೇಸಿಗೆಯಲ್ಲಿ ಲೈನ್ 230ರಿಂದ 195 ವೋಲ್ಟ್‌ಗೆ ಇಳಿದಾಗ ಅದೇ ಲೆಕ್ಕ 13ಕ್ಕೆ ಬಂದು ನಿಲ್ಲುತ್ತದೆ. ಆಗ ರೆಗ್ಯುಲೇಟರ್ ಕೈಚೆಲ್ಲುತ್ತದೆ, ಸ್ಪೀಕರ್ ಗುಂಯ್ ಅನ್ನುತ್ತದೆ. 15-0-15 ಆದರೆ ಅಷ್ಟು ಇಳಿದರೂ 16ರ ಮೇಲೇ ಇರುತ್ತದೆ. ಬಿಸಿಯ ಚಿಂತೆಯೂ ಇಲ್ಲ, ನಿಮ್ಮ ಲೋಡ್‌ಗೆ ಒಂದೊಂದು ರೆಗ್ಯುಲೇಟರ್‌ನಲ್ಲಿ ಕಾಲು ವ್ಯಾಟ್ ಆಸುಪಾಸು.

ಲೋಡ್ ಕಮ್ಮಿ ಇದ್ದರೆ ಸಣ್ಣ ಟ್ರಾನ್ಸ್‌ಫಾರ್ಮರ್ ಬರೆದಿರುವುದಕ್ಕಿಂತ ಜಾಸ್ತಿ ಕೊಡುತ್ತದೆ, ನಿಜ. ಅದನ್ನು ನಂಬಿ 12-0-12 ತರಬೇಡಿ. ಅದೇ ಕಾರಣಕ್ಕೆ ಕೆಪಾಸಿಟರ್ ಮಾತ್ರ 35 ವೋಲ್ಟ್‌ನದೇ ಇರಲಿ, 25ರದು ಸಾಲದು. ಎರಡೂ ಕಡೆ 1000 ಮೈಕ್ರೋಫ್ಯಾರಡ್ ಧಾರಾಳ.

ಅಡಾಪ್ಟರ್ ವಿಷಯ. ಒಂದರ ಪ್ಲಸ್‌ಗೆ ಇನ್ನೊಂದರ ಮೈನಸ್ ಸೇರಿಸಿ ಆ ಜಾಗವನ್ನು ಗ್ರೌಂಡ್ ಮಾಡಿದರೆ ಕೆಲಸವೇನೋ ಆಗುತ್ತದೆ, ಎರಡು ಪಿನ್ನಿನವಾದರೆ. ಮೂರು ಪಿನ್ನಿನ ಕೆಲವು ಸಪ್ಲೈಗಳಲ್ಲಿ ಔಟ್‌ಪುಟ್‌ನ ಮೈನಸ್ ಒಳಗೇ ಅರ್ತ್‌ಗೆ ಸೇರಿರುತ್ತದೆ. ಅಂಥವೆರಡನ್ನು ಹೀಗೆ ಜೋಡಿಸಿದರೆ ಒಂದು ಸೀದಾ ಶಾರ್ಟ್. ಅಲ್ಲದೆ ಅಗ್ಗದ ಅಡಾಪ್ಟರ್‌ನ ಸ್ವಿಚಿಂಗ್ ಗಲಾಟೆ ಆಡಿಯೋಗೆ ಬೇಡದ ತಲೆನೋವು.

-12 ಕೊಡುವ ರೆಗ್ಯುಲೇಟರ್ 7912 ಜೊತೆ ಹುಷಾರು. ನೋಡಲು 7812 ತರಹವೇ ಇರುತ್ತದೆ, ಕಾಲುಗಳು ಬೇರೆ. ಬರಹ ನಿಮ್ಮ ಕಡೆ ಇರುವಂತೆ ಹಿಡಿದರೆ 7812ರಲ್ಲಿ ಎಡದಿಂದ ಇನ್‌ಪುಟ್, ಗ್ರೌಂಡ್, ಔಟ್‌ಪುಟ್. 7912ರಲ್ಲಿ ಗ್ರೌಂಡ್, ಇನ್‌ಪುಟ್, ಔಟ್‌ಪುಟ್. ಅದರ ಬೆನ್ನಿನ ಲೋಹ ಗ್ರೌಂಡ್ ಅಲ್ಲ, ಇನ್‌ಪುಟ್. ನಡುವೆ ಮೈಕಾ (ಕರೆಂಟ್ ಹರಿಯಗೊಡದ ತೆಳು ಹಾಳೆ) ಹಾಕದೆ ಲೋಹದ ಡಬ್ಬಿಗೆ ಸ್ಕ್ರೂ ಮಾಡಬೇಡಿ.

ಪ್ರೈಮರಿ ಫೇಸ್‌ಗೆ 250 ಮಿಲಿಆಂಪ್ ಸ್ಲೋ ಬ್ಲೋ ಫ್ಯೂಸ್ ಹಾಕಿ, ಡಬ್ಬಿಗೆ ಅರ್ತ್ ಕೊಡಿ. ಐಸಿಗಳಿಗೆ ಸಾಕೆಟ್ ಇರಲಿ. ಮೊದಲು ಖಾಲಿ ಸಾಕೆಟ್‌ನ 8ನೇ ಕಾಲಿನಲ್ಲಿ +12, 4ನೇ ಕಾಲಿನಲ್ಲಿ -12 ಬರುತ್ತಿದೆಯಾ ಅಂತ ಮೀಟರ್ ಇಟ್ಟು ನೋಡಿ. ಆಮೇಲೆ ಸಪ್ಲೈ ಆಫ್ ಮಾಡಿ, ಕೆಪಾಸಿಟರ್ ಖಾಲಿಯಾದ ಮೇಲೆ ಐಸಿ ಕೂರಿಸಿ.