ಸ್ಕೇಲ್ ಇಟ್ಟು ಹೊಡೆದುಹಾಕಿದ ಉತ್ತರ

ಬರೆದ ಉತ್ತರವನ್ನು ತಾನೇ ಹೊಡೆದುಹಾಕಿದ ಹತ್ತನೇ ತರಗತಿಯ ಒಬ್ಬ ಹುಡುಗಿಯ ಕಥೆ ಇದು. ಬರೆಯಲು ಅವಳ ಒಪ್ಪಿಗೆ ಇದೆ, ಅವಳ ತಂದೆಯದೂ ಇದೆ. ಗುರುತು ಸಿಗದಂತೆ ಅಂಕಗಳನ್ನೂ ಮನೆಯ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲೇಬೇಕು ಅನ್ನಿಸಿದ್ದು ಇಂಥದ್ದು ನನ್ನ ಮುಂದೆ ಬಂದದ್ದು ಮೂರನೆಯ ಸಲ ಎಂಬ ಕಾರಣಕ್ಕೆ. ನಾಲ್ಕು ವರ್ಷದ ಹಿಂದೆ ಒಬ್ಬ ಹುಡುಗ ಪ್ರತಿ ಪ್ರಿಪರೇಟರಿ ಪರೀಕ್ಷೆಯ ಬೆಳಿಗ್ಗೆ ಹೊಟ್ಟೆನೋವೆಂದು ಮಲಗಿಬಿಡುತ್ತಿದ್ದ. ಅವನಾದ ಮೇಲೆ ಒಬ್ಬಳು, ಚೆನ್ನಾಗಿ ಓದುತ್ತಿದ್ದವಳು, ಡಿಸೆಂಬರಿನಲ್ಲಿ ಇದ್ದಕ್ಕಿದ್ದಂತೆ ಪುಸ್ತಕ ಮುಚ್ಚಿದಳು. ಇಬ್ಬರದೂ ಪರೀಕ್ಷೆಯ ಭಯ ಎಂದೇ ತಿಳಿದು, ಉಸಿರಾಟದ ಅಭ್ಯಾಸ ಹೇಳಿಕೊಟ್ಟು, ಓದಿನ ವೇಳಾಪಟ್ಟಿ ಬರೆದುಕೊಟ್ಟು ಕಳಿಸಿದ್ದೆ. ಈ ಹುಡುಗಿಯ ಮಾತು ಕೇಳಿದ ಮೇಲೆ, ಆ ಇಬ್ಬರಿಗೆ ಕೇಳಬೇಕಾದ ಪ್ರಶ್ನೆಯನ್ನೇ ನಾನು ಕೇಳಲಿಲ್ಲವೇನೋ ಎಂದು ಇಂದಿಗೂ ಚುಚ್ಚುತ್ತದೆ.

ಹಳೇ ಮೈಸೂರು ಸೀಮೆಯ ಒಂದು ತಾಲ್ಲೂಕು. ಕನ್ನಡ ಮಾಧ್ಯಮದ ಪ್ರೌಢಶಾಲೆ, ಅಲ್ಲಿಗೆ ನಾನು ಮಕ್ಕಳ ಆಪ್ತಸಮಾಲೋಚಕಿಯಾಗಿ ವಾರಕ್ಕೆರಡು ದಿನ ಹೋಗುತ್ತೇನೆ. ತಂದೆಗೆ ಒಂದೂವರೆ ಎಕರೆ ತೆಂಗು, ಜೊತೆಗೆ ಒಂದು ಗೂಡ್ಸ್ ಆಟೋ. ಹುಡುಗಿ ಎಂಟನೇ ತರಗತಿಯಿಂದ ಶಾಲೆಗೆ ಮೊದಲಿಗಳು, ಖೋ-ಖೋ ತಂಡದಲ್ಲೂ ಇದ್ದಳು. ಹತ್ತನೇ ತರಗತಿಯ ಅರ್ಧವಾರ್ಷಿಕದಲ್ಲಿ 625ಕ್ಕೆ 598 ತೆಗೆದವಳು ಮೊದಲ ಪ್ರಿಪರೇಟರಿಯಲ್ಲಿ 551ಕ್ಕೆ ಇಳಿದಳು, ಎರಡನೆಯದರಲ್ಲಿ 507ಕ್ಕೆ. ಮುಖ್ಯೋಪಾಧ್ಯಾಯರಿಗೆ ಗಾಬರಿ. ಮೊಬೈಲು, ಪ್ರೀತಿ-ಪ್ರೇಮ ಎಂದೆಲ್ಲ ಸ್ಟಾಫ್ ರೂಮಿನಲ್ಲಿ ಊಹೆ ಓಡುತ್ತಿತ್ತು.

ಊಹೆ ಮಾಡದೆ ಉತ್ತರಪತ್ರಿಕೆ ತಂದು ನನ್ನ ಮುಂದಿಟ್ಟವರು ಗಣಿತದ ಮೇಡಂ ಒಬ್ಬರೇ. "ಇದನ್ನ ನೋಡಿ," ಅಂದರು. ಥೇಲ್ಸ್‌ನ ಪ್ರಮೇಯ. ಚಿತ್ರ ಬರೆದು, ದತ್ತ, ಸಾಧನೀಯ, ರಚನೆ ಎಲ್ಲ ಬರೆದು, ಸಾಧನೆಯ ಕೊನೆಯ ಸಾಲಿನವರೆಗೂ ಮುತ್ತು ಪೋಣಿಸಿದ ಹಾಗೆ ಬರೆದಿದ್ದಳು. ಆಮೇಲೆ ಅಷ್ಟನ್ನೂ ಹೊಡೆದುಹಾಕಿದ್ದಳು. ಇನ್ನೆರಡು ಪುಟಗಳಲ್ಲೂ ಹೀಗೇ. ಮೇಡಂ ಹೇಳಿದ ಮಾತು ನನಗೆ ಹೊಳೆದಿರಲಿಲ್ಲ: "ಗೊತ್ತಿಲ್ಲದ ಮಕ್ಕಳು ಜಾಗ ಖಾಲಿ ಬಿಡ್ತಾರೆ. ಅನುಮಾನ ಇರೋರು ಗೀಚಿಹಾಕ್ತಾರೆ. ಇವಳು ಸ್ಕೇಲ್ ಇಟ್ಟು ಗೆರೆ ಎಳೆದಿದ್ದಾಳೆ."

ಮರುದಿನ ಮಧ್ಯಾಹ್ನ ಅವಳನ್ನು ಲೈಬ್ರರಿಗೆ ಕರೆಸಿಕೊಂಡೆ. ಇಂಥ ಸಮಯದಲ್ಲಿ ಮೊದಲು ಕೇಳಬೇಕಾದ್ದನ್ನು ಮೊದಲೇ ಕೇಳಿದೆ: ಊಟ, ನಿದ್ದೆ, ಮನೆಯಲ್ಲಿ ಯಾರಾದರೂ ಹೊಡೆಯುತ್ತಾರಾ, ಬದುಕೇ ಬೇಡ ಅನ್ನಿಸಿದೆಯಾ. ಈ ಕೊನೆಯ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂದು ಶಿಕ್ಷಕರು ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದರೆ ಮಕ್ಕಳಿಗೆ ಹೇಳಲು ಜಾಗ ಸಿಗುತ್ತದೆ. ಅವಳು ತಲೆ ಎತ್ತಿ, "ಅಯ್ಯೋ ಇಲ್ಲ ಮೇಡಂ," ಅಂದಳು, ನಿಜವಾದ ಆಶ್ಚರ್ಯದಿಂದ. ಆಗ ಉತ್ತರಪತ್ರಿಕೆ ತೆರೆದು ಇಬ್ಬರ ನಡುವೆ ಇಟ್ಟೆ.

"ಈ ಗೆರೆ ನೀನೇ ಎಳೆದಿದ್ದು ಅಲ್ವಾ?"

ಬಹಳ ಹೊತ್ತು ಸುಮ್ಮನಿದ್ದಳು. ಹೊರಗೆ ಬಿಸಿಯೂಟದ ತಟ್ಟೆ ತೊಳೆಯುವ ಸದ್ದು. ಆಮೇಲೆ ಕೇಳಿದಳು: "ಅಪ್ಪಂಗೆ ಹೇಳ್ತೀರಾ?"

"ನೀನು ಹೇಳಿ ಅನ್ನೋವರೆಗೂ ಹೇಳಲ್ಲ."

ಆಗ ಲೆಕ್ಕ ಒಪ್ಪಿಸಿದಳು. ಲೆಕ್ಕ ಅಂತಲೇ ಹೇಳಬೇಕು, ಅದು ಅಷ್ಟು ಪಕ್ಕಾ ಇತ್ತು. ನವೆಂಬರಿನಲ್ಲಿ ದೂರದ ನಗರದ ಒಂದು ಪಿಯು ಕಾಲೇಜಿನವರು ಅವಳ ಮನೆಗೇ ಬಂದಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ 600 ದಾಟಿದರೆ ಎರಡು ವರ್ಷ ನೀಟ್ (ವೈದ್ಯಕೀಯ ಪ್ರವೇಶ ಪರೀಕ್ಷೆ) ಕೋಚಿಂಗ್, ಹಾಸ್ಟೆಲು, ಊಟ ಎಲ್ಲ ಉಚಿತ. 560ರಿಂದ 600ರ ಒಳಗೆ ಬಂದರೆ ಅರ್ಧ ಶುಲ್ಕ. ಅದಕ್ಕೂ ಕಡಿಮೆಯಾದರೆ ಪೂರ್ತಿ ಕಟ್ಟಬೇಕು. ಅರ್ಧ ಶುಲ್ಕವೂ ಅಪ್ಪನ ಕೈಲಾಗದು. ಹಾಗಾಗಿ 560ರ ಕೆಳಗೆ ಬಂದುಬಿಟ್ಟರೆ ಇಲ್ಲೇ ತಾಲ್ಲೂಕಿನ ಸರ್ಕಾರಿ ಪಿಯು ಕಾಲೇಜಿಗೆ ಸೇರಿಸುತ್ತಾರೆ. ಪ್ರಿಪರೇಟರಿಯಲ್ಲಿ ಅವಳು ಮಾಡುತ್ತಿದ್ದದ್ದು ಅಭ್ಯಾಸ. ಎಷ್ಟು ಬಿಟ್ಟರೆ ಎಷ್ಟು ಇಳಿಯುತ್ತದೆ ಎಂದು ಅಳೆದು ನೋಡುತ್ತಿದ್ದಳು.

ಆ ಕಾಲೇಜು ಯಾಕೆ ಬೇಡ ಎಂದು ಕೇಳಿದೆ. ಒಂದು ಭಾನುವಾರ ಅಪ್ಪನ ಜೊತೆ ಹೋಗಿ ನೋಡಿಬಂದಿದ್ದಳಂತೆ. ಬೆಳಿಗ್ಗೆ ಐದರಿಂದ ರಾತ್ರಿ ಹತ್ತೂವರೆಯವರೆಗಿನ ವೇಳಾಪಟ್ಟಿ ಗೋಡೆ ಮೇಲಿತ್ತಂತೆ. "ಓದೋದಕ್ಕೆ ನನಗೇನೂ ಭಯ ಇಲ್ಲ ಮೇಡಂ. ಮೈದಾನ ಎಲ್ಲಿ ಅಂತ ಕೇಳ್ದೆ. ತೋರ್ಸಿದ್ರು. ಅಲ್ಲಿ ಬರೀ ಬಸ್ಸು ನಿಂತಿದ್ವು."

"ಇದನ್ನ ಅಪ್ಪಂಗೆ ಹೇಳ್ಬೋದಿತ್ತಲ್ಲ?"

ಅವಳು ಕೊಟ್ಟ ಉತ್ತರಕ್ಕಾಗಿಯೇ ನಾನು ಇದನ್ನೆಲ್ಲ ಬರೆಯುತ್ತಿರುವುದು. "ಪುಕ್ಕಟೆ ಕೊಡ್ತಾರೆ ಮೇಡಂ. ದುಡ್ಡು ಕೇಳಿದ್ರೆ ಬೇಡ ಅನ್ಬೋದು. ಪುಕ್ಕಟೆ ಕೊಡೋದನ್ನ ಹೆಂಗೆ ಬೇಡ ಅನ್ನೋದು? ನಾನು ಬೇಡ ಅಂದ್ರೆ ಅಪ್ಪಂಗೆ ನೋವಾಗುತ್ತೆ. ಮಾರ್ಕ್ಸ್ ಕಮ್ಮಿ ಬಂದ್ರೆ ಪಾಪ ಅಂತಾರೆ ಅಷ್ಟೇ."

ಹದಿನೈದು ವರ್ಷದ ಮಗು. ಅಪ್ಪನ ಮನಸ್ಸು ನೋಯದಂತೆ ಒಂದು ದಾರಿ ಹುಡುಕಿದ್ದಳು, ಅದರ ಬೆಲೆಯಾಗಿ ಮೂರು ವರ್ಷದ ತನ್ನ ಓದನ್ನೇ ಇಟ್ಟಿದ್ದಳು. ಇದಕ್ಕೆ ಪರೀಕ್ಷಾ ಭಯ ಎಂದು ಹೆಸರಿಟ್ಟರೆ ತಪ್ಪು. ಅವಳಿಗೆ ಪರೀಕ್ಷೆ ಕೈಗೆ ಸಿಕ್ಕ ಒಂದೇ ಒಂದು ಬಾಯಿ ಆಗಿತ್ತು.

ನಾನು ಹೇಳಿದ್ದು ಇಷ್ಟು: "ಬೇಡ ಅನ್ನೋದನ್ನ ಉತ್ತರಪತ್ರಿಕೆಲಿ ಬರೀಬೇಡಮ್ಮ. ಬಾಯಲ್ಲಿ ಹೇಳು. ಪತ್ರಿಕೆಲಿ ಗೊತ್ತಿರೋದಷ್ಟನ್ನೂ ಬರಿ." ಅವಳು ತಕ್ಷಣ ಒಪ್ಪಲಿಲ್ಲ. "ಬರೆದ್ಮೇಲೆ ಅಪ್ಪ ಒಪ್ಪದೇ ಹೋದ್ರೆ?" ಅಂದಳು. ನ್ಯಾಯವಾದ ಪ್ರಶ್ನೆ. ಅಪ್ಪ ಒಪ್ಪೇ ಒಪ್ಪುತ್ತಾರೆ ಎಂದು ಮಾತು ಕೊಡಲು ನನಗೆ ಹಕ್ಕಿರಲಿಲ್ಲ, ಕೊಡಲೂ ಇಲ್ಲ. ನೀನು ಹೇಳುವಾಗ ಪಕ್ಕದಲ್ಲಿ ಕೂತಿರುತ್ತೇನೆ, ನಿನ್ನ ಬದಲಿಗೆ ನಾನು ಮಾತಾಡುವುದಿಲ್ಲ, ಆದರೆ ನಿನ್ನ ಮಾತು ಮುಗಿಯುವವರೆಗೆ ಯಾರೂ ನಡುವೆ ಬಾಯಿ ಹಾಕದಂತೆ ನೋಡಿಕೊಳ್ಳುತ್ತೇನೆ ಎಂದೆ. ಮನಸ್ಸು ಭಾರವಾದಾಗ ನಾನು ಸಿಗದಿದ್ದರೆ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವಳ ನೋಟ್‌ಬುಕ್ಕಿನ ಹಿಂದೆ ಬರೆದುಕೊಟ್ಟೆ. ಹಗಲು ರಾತ್ರಿ ಯಾವಾಗ ಮಾಡಿದರೂ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು. ಎರಡು ದಿನ ಬಿಟ್ಟು ಬಂದು, "ಅಪ್ಪನ್ನ ಕರೀರಿ," ಅಂದಳು.

ತಂದೆ ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡು ಬಂದರು, ನಾಲ್ಕು ಎಳನೀರು ತಂದಿದ್ದರು. ಕೂತ ಕೂಡಲೇ, "ನಾನು ಎಸ್ಸೆಸ್ಸೆಲ್ಸಿ ಎರಡು ಸಲ ಫೇಲು ಮೇಡಮ್ಮೋರೆ. ಅಂಥೋನ ಮನೆ ಬಾಗಿಲಿಗೆ ಕಾಲೇಜ್ನೋರು ಕಾರಲ್ಲಿ ಬಂದು ನಿಮ್ಮ ಮಗಳನ್ನ ಕಳ್ಸಿ ಅಂದ್ರು," ಅಂದರು. ಆ ಮಾತಿನ ಹಿಂದಿನ ಹೆಮ್ಮೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಮಗಳಿಗೆ ಅದು ಗೊತ್ತಿದ್ದಕ್ಕೇ ಅವಳ ಬಾಯಿ ಕಟ್ಟಿತ್ತು.

ಹುಡುಗಿ ನಾಲ್ಕು ವಾಕ್ಯ ಹೇಳಿದಳು. ಅಲ್ಲಿಗೆ ಹೋಗಲು ಮನಸ್ಸಿಲ್ಲ. ಇಲ್ಲೇ ಓದುತ್ತೇನೆ. ಸೈನ್ಸೇ ತಗೋತೀನಿ. ಮಾರ್ಕ್ಸ್ ನಾನೇ ಕಮ್ಮಿ ಮಾಡಿಕೊಂಡೆ. ತಂದೆ ನೆಲ ನೋಡುತ್ತಿದ್ದರು. ರೇಗುತ್ತಾರೆ ಎಂದು ನಾನು ಕಾದೆ. ಅವರು ಕೇಳಿದ್ದು ಒಂದೇ: "ಎಷ್ಟು ಗೊತ್ತಿತ್ತು?"

"ಎಲ್ಲಾ ಗೊತ್ತಿತ್ತಪ್ಪ."

ಅವರು ಎದ್ದು ಹೊರಗೆ ಹೋದರು. ಐದು ನಿಮಿಷ ಬಿಟ್ಟು ಮುಖ ತೊಳೆದುಕೊಂಡು ಬಂದು ಕೂತರು.

ಅಂದು ಅಪ್ಪ-ಮಗಳಿಗೆ ಕೊಟ್ಟ ಸಲಹೆಯನ್ನು ಈಗ ಬೇರೆ ಮನೆಗಳಿಗೂ ಕೊಡುತ್ತಿದ್ದೇನೆ. ಫಲಿತಾಂಶ ಬರುವವರೆಗೆ ಯಾವ ಕಾಲೇಜಿಗೂ ಮಾತು ಕೊಡಬೇಡಿ, ಸಹಿ ಹಾಕಬೇಡಿ. ಕಾಲೇಜು ನೋಡುವುದಾದರೆ ಅವರು ಕರೆದ ಭಾನುವಾರ ಹೋಗಬೇಡಿ, ತರಗತಿ ನಡೆಯುವ ಒಂದು ಸಾಧಾರಣ ದಿನ ಹೋಗಿ. ಅಲ್ಲಿ ಓದುತ್ತಿರುವ ಒಬ್ಬಿಬ್ಬರ ಜೊತೆ ನಿಮ್ಮ ಮಗುವೊಂದೇ ಮಾತಾಡಲಿ, ನೀವು ದೂರ ನಿಲ್ಲಿ. ಮಗುವಿಗೆ ಜ್ವರ ಬಂದರೆ ಯಾರು ನೋಡುತ್ತಾರೆ, ವಾರಕ್ಕೆಷ್ಟು ಸಲ ಫೋನು, ಮೂರು ತಿಂಗಳಿಗೆ ಬಿಟ್ಟು ಬರುವುದಾದರೆ ಮೂಲ ಅಂಕಪಟ್ಟಿ, ಟಿ.ಸಿ. ವಾಪಸ್ ಕೊಡುತ್ತಾರಾ, ಉಚಿತ ಎಂದದ್ದರ ಶುಲ್ಕ ಆಗ ಕೇಳುತ್ತಾರಾ — ಇದನ್ನು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಈ ಕೊನೆಯ ಪ್ರಶ್ನೆ ಆ ತಂದೆಗೆ ಹೊಳೆದೇ ಇರಲಿಲ್ಲ.

ಇನ್ನೊಂದು, ದಾರಿಗಳ ವಿಷಯ. ಆ ಹಾಸ್ಟೆಲು ಬಿಟ್ಟರೆ ಮಗಳ ಭವಿಷ್ಯವೇ ಮುಚ್ಚಿತು ಎಂದು ಅವರು ನಂಬಿದ್ದರು. ಕಾಗದದ ಮೇಲೆ ಬರೆದು ತೋರಿಸಿದೆ. ಸರ್ಕಾರಿ ಕಾಲೇಜಿನಲ್ಲಿ ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ) ತೆಗೆದುಕೊಂಡರೂ ನೀಟ್ ಬರೆಯಬಹುದು, ಎಂಜಿನಿಯರಿಂಗ್, ಕೃಷಿಯಂಥ ಕೋರ್ಸುಗಳಿಗೆ ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿಯನ್ನೂ ಬರೆಯಬಹುದು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ನೀಟ್‌ನಲ್ಲಿ 720ಕ್ಕೆ ಬಂದದ್ದೇ ರ‍್ಯಾಂಕು, ಪಿಯು ಅಂಕ ಅರ್ಹತೆಗಷ್ಟೇ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಸಿಇಟಿಯಲ್ಲಿ ಸಿಗುವ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ ಅವಳು ಪಿಯು ಎಲ್ಲಿ ಓದಿದರೂ ಕೈಬಿಟ್ಟು ಹೋಗುವುದಿಲ್ಲ. ರೈತರ ಮಗಳಾದ್ದರಿಂದ ಬಿ.ಎಸ್ಸಿ. ಕೃಷಿಗೆ ಕೃಷಿಕರ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಬೇರೆ ಇರುತ್ತದೆ. ಒಂದು ಪರೀಕ್ಷೆ ಕೆಟ್ಟರೂ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಗೂ ಅದೇ ವರ್ಷದಲ್ಲಿ ಮತ್ತೆ ಬರೆಯುವ ಅವಕಾಶ ಇದೆ. ತಂದೆ ಆ ಹಾಳೆ ಮಡಚಿ ಅಂಗಿ ಜೇಬಿಗೆ ಇಟ್ಟುಕೊಂಡರು. ನಿರ್ಧಾರ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇದಕ್ಕಾಗಿ ನನ್ನ ಮೇಲೆ ಬೇಸರ ಮಾಡಿಕೊಂಡವರಿದ್ದಾರೆ. ಶಾಲೆಯ ಹಿರಿಯ ಶಿಕ್ಷಕರೊಬ್ಬರು ನೇರವಾಗಿಯೇ ಹೇಳಿದರು: "ಹಳ್ಳಿ ಹುಡುಗಿಗೆ ಇಂಥ ಅವಕಾಶ ಎಷ್ಟು ಸಲ ಬರುತ್ತೆ? ಖೋ-ಖೋ ಆಡೋಕೆ ಡಾಕ್ಟರ್ ಸೀಟು ಬಿಡಿಸಿದ್ರಿ." ಅವರ ಕಾಳಜಿ ನಿಜವಾದದ್ದು, ಆದ್ದರಿಂದ ಉತ್ತರವನ್ನೂ ಪೂರ್ತಿಯಾಗಿಯೇ ಕೊಡಬೇಕು. ಅಂಥ ಹಾಸ್ಟೆಲುಗಳಲ್ಲಿ ಓದಿ ಮೇಲೆ ಬಂದ ಮಕ್ಕಳನ್ನು ನಾನು ಬಲ್ಲೆ. ಹೋಗಬೇಕೆಂದು ತಾವೇ ಆಸೆಪಟ್ಟ ಕೆಲವರಿಗೆ ಅರ್ಜಿ ತುಂಬಿಕೊಟ್ಟದ್ದೂ ನಾನೇ. ನಾನು ಯಾರಿಗೂ ಹೋಗಬೇಡಿ ಎಂದವಳಲ್ಲ. ಆದರೆ ಮನಸ್ಸಿಲ್ಲದೆ ಹೋದ ಮಕ್ಕಳು ದಸರಾ ರಜೆಗೆ ಬಂದವರು ಮರಳಿ ಬಸ್ಸು ಹತ್ತಲಾರದೆ ನಿಂತದ್ದನ್ನೂ ನೋಡಿದ್ದೇನೆ. ಬೇಡ ಎಂಬುದನ್ನು ಹೇಳಲು ತನ್ನ ವಿದ್ಯೆಗೇ ಗೆರೆ ಎಳೆಯುವ ಮಗುವನ್ನು, ಕಷ್ಟವಾದರೂ ಹೇಳಲಾರದ ದೂರದ ಜಾಗಕ್ಕೆ ಕಳಿಸಲು ನನಗೆ ಧೈರ್ಯ ಬರಲಿಲ್ಲ. ಅಲ್ಲಿ ಅವಳು ಏನಕ್ಕೆ ಗೆರೆ ಎಳೆಯುತ್ತಿದ್ದಳು? ಈ ಪ್ರಶ್ನೆಯನ್ನು ಆ ಶಿಕ್ಷಕರಿಗೂ ಕೇಳಿದೆ. ಅವರು ಸುಮ್ಮನಾದರು, ಒಪ್ಪಿದರು ಎನ್ನಲಾರೆ.

ಪರೀಕ್ಷೆಯಲ್ಲಿ 611 ಬಂತು. ಬಸ್ ಸ್ಟ್ಯಾಂಡಿನಲ್ಲಿ ಅವಳ ಫೋಟೋದ ಫ್ಲೆಕ್ಸು ಕಟ್ಟಿದರು. ಅಪ್ಪ-ಮಗಳು ಒಂದು ಬುಧವಾರ ಆ ನಗರಕ್ಕೆ ಹೋಗಿ ನೋಡಿಬಂದರು, ತಾಲ್ಲೂಕಿನ ಕಾಲೇಜನ್ನೂ ನೋಡಿದರು. ಅವಳು ಎರಡನೆಯದನ್ನೇ ಆರಿಸಿದಳು. ತಂದೆ ಆ ನಗರಕ್ಕೆ ಫೋನ್ ಮಾಡಿ, "ಮಗಳಿಗೆ ಮನಸ್ಸಿಲ್ಲ ಸಾ," ಅಂದರಂತೆ. ಅಷ್ಟೇ ಹೇಳಿದರಂತೆ. ಮನೆಯಿಂದ ಕಾಲೇಜಿಗೆ ಹದಿನಾಲ್ಕು ಕಿಲೋಮೀಟರು, ಶಕ್ತಿ ಯೋಜನೆಯಿಂದಾಗಿ ಬಸ್ಸಿಗೆ ದುಡ್ಡಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಸೆಪ್ಟೆಂಬರಿನಲ್ಲಿ ತಂದೆಯ ಫೋನು ಬಂತು. "ಫಿಸಿಕ್ಸಿಗೆ ಮೇಷ್ಟ್ರೇ ಇಲ್ವಂತೆ ಮೇಡಮ್ಮೋರೆ. ಅತಿಥಿ ಉಪನ್ಯಾಸಕರು ಬರ್ತಾರೆ ಬರ್ತಾರೆ ಅಂತ ಎರಡು ತಿಂಗ್ಳಾಯ್ತು." ಬೈಗುಳ ಇರಲಿಲ್ಲ ಅದರಲ್ಲಿ. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ. ದಾರಿಗಳ ಹಾಳೆ ಬರೆದುಕೊಟ್ಟಾಗ ಹಾಸ್ಟೆಲಿನ ಕಾಲೇಜಿಗೆ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಹೇಳಿದ್ದೆ. ಯಾವ ವಿಷಯಕ್ಕೆ ಉಪನ್ಯಾಸಕರಿದ್ದಾರೆ, ಯಾವುದಕ್ಕಿಲ್ಲ ಎಂದು ಸರ್ಕಾರಿ ಕಾಲೇಜಿನಲ್ಲಿ ಕೇಳಿ ಎಂದು ಹೇಳಿರಲಿಲ್ಲ. ಈಗ ಅದನ್ನೂ ಹೇಳುತ್ತೇನೆ.

ಅವಳ ಕೈಗೆ ಫೋನ್ ಕೊಡಿ ಎಂದೆ. ಗಣಿತದ ಮೇಡಂ ಪರಿಚಯದ ನಿವೃತ್ತ ಉಪನ್ಯಾಸಕರೊಬ್ಬರು ಶನಿವಾರ ಮಧ್ಯಾಹ್ನ ನಾಲ್ಕೈದು ಮಕ್ಕಳಿಗೆ ಹೇಳಿಕೊಡಲು ಒಪ್ಪಬಹುದು, ಕೇಳಿ ನೋಡುತ್ತೇನೆ ಎಂದು ಹೇಳಿದೆ. ಹೂಂ ಅಂದಳು. ಟೆಸ್ಟ್ ಆಯಿತಾ ಎಂದು ಕೇಳಿದೆ.

"ಆಯ್ತು ಮೇಡಂ. ಫಿಸಿಕ್ಸಲ್ಲಿ ಐವತ್ತಕ್ಕೆ ಹತ್ತೊಂಬತ್ತು." ಸ್ವಲ್ಪ ತಡೆದು ಹೇಳಿದಳು, "ಈ ಸಲ ನಿಜವಾಗ್ಲೂ ಗೊತ್ತಿರ್ಲಿಲ್ಲ."