ಬಳ್ಳಾರಿ ಧೂಳಲ್ಲಿ ಓಡುವ ಕಾರಿಗೆ 10 ಸಾವಿರ ಕಿ.ಮೀ. ಸರ್ವೀಸ್ ಸಾಕಾ?

ನಿಮ್ಮ ಪ್ರಶ್ನೆ ಇಷ್ಟು: ಹೊಸ ಕಾರು, ದಿನಾ ಬಳ್ಳಾರಿಯಿಂದ ತೋರಣಗಲ್ಲಿಗೆ ಡ್ಯೂಟಿಗೆ ಓಡಾಟ. ಶೋರೂಮ್‌ನವರು 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಆವಾಗ ಬನ್ನಿ ಅಂದಿದ್ದಾರೆ. ಗಾಡಿ ಮೇಲೆ ಆಸೆ ಜಾಸ್ತಿ, ನಡುವೆ ನಾನೇ ಏನಾದರೂ ನೋಡಿಕೊಳ್ಳಬೇಕಾ ಅಂತ ಕೇಳಿದ್ದೀರಿ.

ನೋಡಿಕೊಳ್ಳಬೇಕು. ಆದರೆ ನೀವು ಅಂದುಕೊಂಡಷ್ಟು ಇಲ್ಲ. ನಮ್ಮ ಕಡೆ ಕಾರನ್ನು ಕೆಡಿಸುವುದು ಎರಡೇ: ಧೂಳು ಮತ್ತು ಬಿಸಿಲು. ಅವೆರಡರ ಬೆನ್ನು ಹತ್ತಿದರೆ ಸಾಕು, ಉಳಿದದ್ದನ್ನು ಕಂಪನಿ ಹೇಳಿದ ಹಾಗೆ ಬಿಡಬಹುದು.

ಮೊದಲು ಕಾರಿನ ಜೊತೆ ಕೊಟ್ಟ ಪುಸ್ತಕ ತೆಗೆಯಿರಿ. ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಬಿದ್ದಿರುತ್ತದೆ, ಅಲ್ವಾ? ಬಹಳಷ್ಟು ಕಂಪನಿಗಳ ಪುಸ್ತಕದಲ್ಲಿ ಸರ್ವೀಸ್ ಪಟ್ಟಿ ಒಂದಲ್ಲ, ಎರಡು ಇರುತ್ತದೆ. ಎರಡನೆಯದು ಕಷ್ಟದ ಪರಿಸ್ಥಿತಿಯಲ್ಲಿ ಓಡುವ ಗಾಡಿಗಳಿಗೆ. ಧೂಳಿನ ರಸ್ತೆ, ವಿಪರೀತ ಬಿಸಿಲು, ಪದೇ ಪದೇ ಸಣ್ಣ ಸಣ್ಣ ಓಡಾಟ, ನಿಂತು ನಿಂತು ಹೋಗುವ ಟ್ರಾಫಿಕ್ ಅಂತ ಅದರಲ್ಲಿ ಬರೆದಿರುತ್ತಾರೆ. ಓದಿದರೆ ಯಾರೋ ಬಳ್ಳಾರಿಗೆ ಬಂದು ಹೋಗಿ ಬರೆದಂತಿದೆ. ಏರ್ ಫಿಲ್ಟರ್, ಆಯಿಲ್ ಇವಕ್ಕೆಲ್ಲ ಅಲ್ಲಿ ಗಡುವು ಕಮ್ಮಿ. ನಿಮ್ಮ ಪಟ್ಟಿ ಅದು. ಶೋರೂಮ್‌ನಲ್ಲಿ ಸರ್ವೀಸ್ ಅಡ್ವೈಸರ್‌ಗೆ ಆ ಪುಟ ತೆರೆದು ತೋರಿಸಿ ಮಾತಾಡಿ. ವಾರಂಟಿ ಇರುವಾಗ ಅದೇ ಒಳ್ಳೆಯ ದಾರಿ.

ಈಗ ಏರ್ ಫಿಲ್ಟರ್. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದರೆ ಇಲ್ಲಿ ನಡೆಯುವಷ್ಟು ತಪ್ಪು ಬೇರೆಲ್ಲೂ ನಡೆಯುವುದಿಲ್ಲ.

ಒಂದು ಕೆ.ಜಿ. ಪೆಟ್ರೋಲ್ ಸುಡಲು ಎಂಜಿನ್‌ಗೆ ಸುಮಾರು 14.7 ಕೆ.ಜಿ. ಗಾಳಿ ಬೇಕು. ಲೀಟರ್ ಲೆಕ್ಕಕ್ಕೆ ತಂದರೆ, ಒಂದು ಲೀಟರ್ ಪೆಟ್ರೋಲಿಗೆ ಸರಿಸುಮಾರು 9,000 ಲೀಟರ್ ಗಾಳಿ. ಅಷ್ಟೂ ಗಾಳಿ ಆ ಒಂದು ಕಾಗದದ ಫಿಲ್ಟರ್ ಮೂಲಕವೇ ಒಳಗೆ ಹೋಗಬೇಕು. ನೀವು ದಿನಾ ಅದಿರು ಲಾರಿಗಳ ಹಿಂದೆ ಹೋಗುವವರು. ನಮ್ಮ ಸಂಡೂರು–ಹೊಸಪೇಟೆ ಕಡೆಯ ಅದಿರು ಹೆಮಟೈಟ್, ಕಬ್ಬಿಣದ ಕಲ್ಲು. ಅದರ ಪುಡಿ ಸಿಲಿಂಡರ್‌ಗೆ ಇಳಿದರೆ ಉಪ್ಪುಕಾಗದ ಉಜ್ಜಿದಂತೆ.

ಬಾನೆಟ್ ಎತ್ತಿ, ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ ಬಿಚ್ಚಿ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಇದಕ್ಕೆ ಸ್ಪ್ಯಾನರ್ ಕೂಡ ಬೇಡ. ಫಿಲ್ಟರ್ ತೆಗೆದ ಮೇಲೆ ಅದು ಎಷ್ಟು ಕೆಂಪಾಗಿದೆ ಅಂತ ಎಲ್ಲರೂ ನೋಡುತ್ತಾರೆ. ಅದು ಕೆಂಪಾಗಲಿ ಬಿಡಿ, ಅದರ ಕೆಲಸವೇ ಅದು. ನೋಡಬೇಕಾದದ್ದು ಇನ್ನೊಂದು ಕಡೆ: ಫಿಲ್ಟರ್ ದಾಟಿ ಎಂಜಿನ್‌ಗೆ ಹೋಗುವ ಪೈಪಿನ ಬಾಯಿ. ಒಂದು ಬಿಳಿ ಬಟ್ಟೆ ಬೆರಳಿಗೆ ಸುತ್ತಿ ಅಲ್ಲಿ ಒಂದು ಸುತ್ತು ಒರೆಸಿ. ಬಟ್ಟೆ ಬೆಳ್ಳಗೇ ಬಂದರೆ ನಿಶ್ಚಿಂತೆ. ನಸುಗೆಂಪು ಬಂತು ಅಂದರೆ ಧೂಳು ಪಕ್ಕದಿಂದ ನುಸುಳುತ್ತಿದೆ. ಫಿಲ್ಟರ್‌ನ ಅಂಚಿನ ರಬ್ಬರ್ ಕೂತಿಲ್ಲ, ಇಲ್ಲಾ ಕ್ಲಿಪ್ ಸಡಿಲ. ಅಗ್ಗದ ಡೂಪ್ಲಿಕೇಟ್ ಫಿಲ್ಟರ್‌ಗಳಲ್ಲಿ ಇದು ಮಾಮೂಲಿ. ನೋಡಲು ಒಂದೇ ತರ ಇರುತ್ತವೆ, ಅಂಚು ಮಾತ್ರ ಒಂದೆರಡು ಮಿ.ಮೀ. ವ್ಯತ್ಯಾಸ. ಆ ಸಂದಿಯೇ ಸಾಕು.

ಇನ್ನು ಮೇಸ್ತ್ರಿಗಳು ಫಿಲ್ಟರ್ ತೆಗೆದು ಕಂಪ್ರೆಸರ್ ಗಾಳಿ ಹೊಡೆದು ವಾಪಸ್ ಹಾಕುತ್ತಾರಲ್ಲ, ಅದಕ್ಕೆ ಬೇಡ ಅನ್ನಿ. ಆ ಜೋರಿಗೆ ಕಾಗದದ ಎಳೆ ಬಿಟ್ಟುಕೊಳ್ಳುತ್ತದೆ. ಕಣ್ಣಿಗೆ ಕಾಣದ ತೂತು, ಆದರೆ ಧೂಳಿಗೆ ದಾರಿ. ಮೆಲ್ಲಗೆ ಕುಟ್ಟಿ ಉದುರಿಸಿದರೆ ಸಾಕು, ತುಂಬಿದ್ದರೆ ಹೊಸದು ಹಾಕಿ. ಸಣ್ಣ ಕಾರಿಗೆ ಇದೇನು ದೊಡ್ಡ ಖರ್ಚಲ್ಲ. ಹಾಗಂತ ಪ್ರತಿ ಭಾನುವಾರ ಬಿಚ್ಚಿ ನೋಡುವ ಚಟವೂ ಬೇಡ. ಬಿಚ್ಚಿದಾಗಲೆಲ್ಲ ಒಂದಿಷ್ಟು ಧೂಳು ಒಳಗೆ ಬೀಳುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಸಾಕು. ಮೈಲೇಜ್ ಬಿದ್ದಾಗ ನೋಡೋಣ ಅಂತ ಕಾಯಬೇಡಿ. ಈಗಿನ ಇಂಜೆಕ್ಷನ್ ಪೆಟ್ರೋಲ್ ಗಾಡಿಗಳಲ್ಲಿ ಫಿಲ್ಟರ್ ಕಟ್ಟಿದರೆ ಮೊದಲು ಹೋಗುವುದು ಪಿಕಪ್, ಮೈಲೇಜ್ ಅಷ್ಟಾಗಿ ಬೀಳುವುದಿಲ್ಲ.

ಎಸಿ ಫಿಲ್ಟರ್ ಬೇರೆ ಇರುತ್ತದೆ, ಸಾಮಾನ್ಯವಾಗಿ ಡ್ಯಾಶ್‌ಬೋರ್ಡ್ ಡಬ್ಬಿಯ ಹಿಂದೆ. ಎಸಿ ಗಾಳಿ ಕಮ್ಮಿ ಬಂದರೆ ಗ್ಯಾಸ್ ತುಂಬಿಸುವ ಮುಂಚೆ ಅದನ್ನು ನೋಡಿ. ಗಾಳಿ ಜೋರಾಗೇ ಬರುತ್ತದೆ, ತಂಪು ಮಾತ್ರ ಇಲ್ಲ ಅಂದರೆ ಮುಂದಿನ ಬಂಪರ್ ಒಳಗಿರುವ ಕಂಡೆನ್ಸರ್ ಜಾಲರಿ ನೋಡಿ. ಧೂಳು, ಹುಳ, ಸಿಂಧನೂರು–ಗಂಗಾವತಿ ಕಡೆ ಹೋಗಿ ಬಂದಿದ್ದರೆ ಭತ್ತದ ಹೊಟ್ಟು, ಎಲ್ಲಾ ಅಲ್ಲೇ ಕೂತಿರುತ್ತದೆ. ಮಾಮೂಲಿ ಪೈಪಿನ ನೀರಲ್ಲಿ ತೊಳೆಯಿರಿ. ವಾಟರ್ ವಾಷ್ ಗನ್ ಹತ್ತಿರದಿಂದ ಹಿಡಿದರೆ ಆ ತೆಳು ರೆಕ್ಕೆಗಳು ಮಡಚಿಹೋಗುತ್ತವೆ.

ಆಯುಧ ಪೂಜೆ ಹಿಂದಿನ ದಿನ ಇದೇ ಗನ್ನನ್ನು ಬಾನೆಟ್ ಒಳಗೂ ತಿರುಗಿಸುತ್ತಾರೆ. ಈಗಿನ ಗಾಡಿಯಲ್ಲಿ ಅಲ್ಲಿ ಇರುವುದೆಲ್ಲ ಸೆನ್ಸರ್, ಕನೆಕ್ಟರ್, ಕಂಪ್ಯೂಟರ್. ಒದ್ದೆ ಬಟ್ಟೆಯಲ್ಲಿ ಒರೆಸಿ ಕುಂಕುಮ ಇಡಿ, ದೇವರು ಬೇಜಾರು ಮಾಡಿಕೊಳ್ಳಲ್ಲ. ಗ್ರಿಲ್‌ಗೆ ಅಡ್ಡ ಕಟ್ಟಿದ ಬಾಳೆ ಕಂದನ್ನು ಹೈವೇಗೆ ಇಳಿಯುವ ಮುಂಚೆ ಬಿಚ್ಚಿ, ರೇಡಿಯೇಟರ್‌ಗೆ ಗಾಳಿ ಹೋಗಬೇಕು.

ಹೊರಗೆ ತೊಳೆಯುವಾಗ ಒಂದೇ ನಿಯಮ: ಒಣ ಬಟ್ಟೆ ಮುಟ್ಟಿಸಬೇಡಿ. ಬೆಳಿಗ್ಗೆ ಎದ್ದು ಒಣ ಧೂಳನ್ನು ಒರೆಸುವ ಅಭ್ಯಾಸದಿಂದಲೇ ನಮ್ಮೂರಿನ ಕಪ್ಪು ಕಾರುಗಳ ಮೇಲೆ ಬಿಸಿಲು ಬಿದ್ದಾಗ ಗುಂಡು ಗುಂಡು ಗೆರೆ ಕಾಣುವುದು. ಮೊದಲು ನೀರು ಬಿಟ್ಟು ಧೂಳು ಇಳಿಸಿ, ಆಮೇಲೆ ಬಟ್ಟೆ.

ಇನ್ನು ಬಿಸಿಲು. ಏಪ್ರಿಲ್–ಮೇನಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು.

ರೇಡಿಯೇಟರ್‌ಗೆ ಬೋರ್ ನೀರು ಹಾಕಲೇಬೇಡಿ. ಬಕೆಟ್ ಅಂಚಿಗೆ ಕಟ್ಟುವ ಬಿಳಿ ಉಪ್ಪು ನೋಡಿದ್ದೀರಲ್ಲ, ಅದೇ ಒಳಗೂ ಕಟ್ಟುತ್ತದೆ. ಪುಸ್ತಕದಲ್ಲಿ ಹೇಳಿದ ಕೂಲಂಟ್, ಬೆರೆಸುವ ತರಹದ್ದಾದರೆ ಡಿಸ್ಟಿಲ್ಡ್ ವಾಟರ್ ಜೊತೆ. ಪಾರದರ್ಶಕ ಡಬ್ಬಿಯಲ್ಲಿ ಮಟ್ಟ ಎರಡು ಗೆರೆಗಳ ನಡುವೆ ಇದೆಯಾ ಅಂತ ಬೆಳಿಗ್ಗೆ ನೋಡಿ. ಎಂಜಿನ್ ಬಿಸಿ ಇರುವಾಗ ಮುಚ್ಚಳಕ್ಕೆ ಕೈ ಹಾಕಬೇಡಿ. ಒತ್ತಡದಲ್ಲಿರುವ ಕುದಿ ನೀರು ಮುಖಕ್ಕೇ ಚಿಮ್ಮುತ್ತದೆ.

ಟೈರ್ ವಿಷಯದಲ್ಲಿ ಪಂಕ್ಚರ್ ಅಂಗಡಿಯವರು ಒಂದು ಮಾತು ಹೇಳುತ್ತಾರೆ: ಬೇಸಿಗೆಯಲ್ಲಿ ಗಾಳಿ ಕಮ್ಮಿ ಹಾಕಿಸಿ, ಇಲ್ಲಾಂದ್ರೆ ಸಿಡಿಯುತ್ತೆ ಅಂತ. ಇದು ಉಲ್ಟಾ. ಗಾಳಿ ಕಮ್ಮಿ ಇದ್ದ ಟೈರ್‌ನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಜಾಸ್ತಿ ಬಾಗುತ್ತದೆ, ಅದರಿಂದಲೇ ಜಾಸ್ತಿ ಕಾಯುತ್ತದೆ. ಡ್ರೈವರ್ ಬಾಗಿಲ ಹತ್ತಿರ ಸ್ಟಿಕ್ಕರ್ ಇರುತ್ತದೆ, ಅದರಲ್ಲಿ ಇರುವಷ್ಟೇ ಹಾಕಿಸಿ. ಅದೂ ಟೈರ್ ತಣ್ಣಗಿದ್ದಾಗ, ಅಂದರೆ ಬೆಳಿಗ್ಗೆ ಮನೆ ಹತ್ತಿರದ ಬಂಕ್‌ನಲ್ಲಿ. ಹೈವೇಯಲ್ಲಿ ಓಡಿಸಿ ಬಂದ ಮೇಲೆ ಮೂರ್ನಾಲ್ಕು ಪಿಎಸ್‌ಐ ಜಾಸ್ತಿ ತೋರಿಸುವುದು ಸಹಜ, ಅದನ್ನು ನೋಡಿ ಇಳಿಸಬೇಡಿ. ಸ್ಟೆಪ್ನಿಗೂ ಹಾಕಿಸಿ.

ಬ್ಯಾಟರಿಯನ್ನು ಕೊಲ್ಲುವುದು ಬೇಸಿಗೆ, ಸಾಯುವುದು ಮಾತ್ರ ಡಿಸೆಂಬರ್ ಬೆಳಿಗ್ಗೆ. ಮೂರು ವರ್ಷ ದಾಟಿದ ಮೇಲೆ ಅಂಗಡಿಯಲ್ಲಿ ಒಮ್ಮೆ ಚೆಕ್ ಮಾಡಿಸುತ್ತಿರಿ.

ಆಯಿಲ್ ಬಗ್ಗೆಯೂ ಇಂಥದ್ದೇ ಒಂದು ಸಲಹೆ ಸಿಗುತ್ತದೆ: ನಮ್ಮ ಬಿಸಿಲಿಗೆ ತೆಳು ಆಯಿಲ್ ಆಗಲ್ಲ, ದಪ್ಪದ್ದು ಹಾಕಿ ಅಂತ. ಹೊರಗೆ 42 ಇದ್ದರೂ 25 ಇದ್ದರೂ ಥರ್ಮೋಸ್ಟಾಟ್ ಎಂಜಿನ್ನನ್ನು ಸುಮಾರು 90 ಡಿಗ್ರಿ ಆಸುಪಾಸಿನಲ್ಲೇ ಇಡುತ್ತದೆ. ಪುಸ್ತಕದಲ್ಲಿ 0ಡಬ್ಲ್ಯು-20 ಅಂತ, ಅಂದರೆ ತೆಳು ಆಯಿಲ್‌ನ ಗ್ರೇಡ್, ಇದ್ದರೆ ಅದನ್ನೇ ಹಾಕಿಸಿ. ಬಿಸಿ ಪ್ರದೇಶಕ್ಕೆ ಬೇರೆ ಗ್ರೇಡ್ ಆಗುತ್ತದೆ ಅಂತ ಪುಸ್ತಕವೇ ಹೇಳಿದ್ದರೆ ಮಾತ್ರ ಅದು. ತಿಂಗಳಿಗೊಮ್ಮೆ ಡಿಪ್‌ಸ್ಟಿಕ್ ಎಳೆದು ಮಟ್ಟ ನೋಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಹೆಚ್ಚಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಬಿಲ್‌ನಲ್ಲಿ ಬಹಳ ಸಲ ತಪ್ಪಿಹೋಗುವುದು ಇದೇ, ನೀವೇ ಕೇಳಿ ಮಾಡಿಸಿ.

ಇನ್ನೊಂದು ವಿಷಯ, ಪುಸ್ತಕ ಓದಿದರೂ ಕಣ್ಣಿಗೆ ಬೀಳದೇ ಇರಬಹುದು. ಸುಗ್ಗಿ ಕಾಲದಲ್ಲಿ ಕೊಪ್ಪಳ, ಕುಷ್ಟಗಿ ಕಡೆ ಹಳ್ಳಿ ರಸ್ತೆಗೆ ಹೋದರೆ ಟಾರ್ ಮೇಲೇ ರಾಶಿ ಹಾಕಿರುತ್ತಾರೆ. ಹುರುಳಿ ಬಳ್ಳಿ ಮೇಲೆ ಕಾರು ಹಾಯಿಸಿದರೆ ಅದು ಆಕ್ಸಲ್‌ಗೆ ಸುತ್ತಿಕೊಂಡು ಸೈಲೆನ್ಸರ್ ಬಿಸಿಗೆ ಹೊತ್ತಿಕೊಳ್ಳಬಹುದು. ಪಕ್ಕಕ್ಕೆ ಇಳಿಸಿ ಹೋಗಿ. ಆಗದಿದ್ದರೆ ದಾಟಿದ ತಕ್ಷಣ ನಿಲ್ಲಿಸಿ, ಬಗ್ಗಿ ನೋಡಿ, ಸಿಕ್ಕಿಕೊಂಡಿದ್ದನ್ನು ಕೋಲಿನಿಂದ ಎಳೆದು ಹಾಕಿ.

ಇಷ್ಟರ ಮೇಲೆ ಸರ್ವೀಸ್‌ಗೆ ಬಿಟ್ಟಾಗ ಎಂಜಿನ್ ಫ್ಲಶ್, ಫ್ಯುಯೆಲ್ ಅಡಿಟಿವ್, ಎಸಿ ಡಿಸಿನ್ಫೆಕ್ಷನ್, ಅಂಡರ್‌ಬಾಡಿ ಕೋಟಿಂಗ್ ಅಂತ ಎಸ್ಟಿಮೇಟ್‌ನಲ್ಲಿ ಸೇರಿಸಿರುತ್ತಾರೆ. ಆಸೆಯಿಂದ ಗಾಡಿ ಇಟ್ಟುಕೊಂಡವರೇ ಇದಕ್ಕೆ ಬೇಗ ಬೀಳುವುದು. ಪುಸ್ತಕದ ಪಟ್ಟಿಯಲ್ಲಿ ಇದೆಯಾ ಅಂತ ಕೇಳಿ. ಇಲ್ಲದಿದ್ದರೆ ಗೀಟು ಹಾಕಿಸಿ. ಆ ದುಡ್ಡಲ್ಲಿ ಒಂದು ಒಳ್ಳೆ ಪ್ರೆಶರ್ ಗೇಜ್, ಎರಡು ಕಂಪನಿ ಫಿಲ್ಟರ್ ತಂದಿಟ್ಟುಕೊಳ್ಳಬಹುದು.

ನಿಮ್ಮದು ಪೆಟ್ರೋಲೋ ಡೀಸೆಲ್ಲೋ ಅಂತ ಹೇಳಿಲ್ಲ. ಪೆಟ್ರೋಲ್ ಅಂದುಕೊಂಡು ಬರೆದಿದ್ದೇನೆ. 2020ರ ಏಪ್ರಿಲ್ ನಂತರದ ಬಿಎಸ್‌6 ಡೀಸೆಲ್ ಆಗಿದ್ದರೆ ಇನ್ನೊಂದು ಸೇರಿಸಿಕೊಳ್ಳಿ: ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ, ಆ ಮಸಿ ಸುಡಬೇಕಾದರೆ ಗಾಡಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ತೋರಣಗಲ್ಲಿನ ಹೈವೇ ಓಡಾಟ ಇರುವವರೆಗೆ ತೊಂದರೆ ಇಲ್ಲ. ಮನೆಯಲ್ಲಿ ಬೇರೆಯವರು ಬರೀ ಕೌಲ್ ಬಜಾರ್‌ಗೆ, ಸ್ಟೇಷನ್‌ಗೆ ಅಂತ ಓಡಿಸುವುದಾದರೆ ವಾರಕ್ಕೊಮ್ಮೆ ನೀವು ಹೊಸಪೇಟೆ ಕಡೆ ಒಂದು ರೌಂಡ್ ಹೊಡೆದು ಬನ್ನಿ. ಡಿಪಿಎಫ್ ಲೈಟ್ ಬಂದರೆ ಪುಸ್ತಕದಲ್ಲಿ ಹೇಳಿದ ವೇಗದಲ್ಲಿ, ಆ ಲೈಟ್ ಆರುವವರೆಗೆ ನಿಲ್ಲಿಸದೆ ಓಡಿಸಿ.